ಆಂಕೆಮಿಯಾ ಗುಡ್ಡ

ಇಟಲಿಯ ನಡುನಾಡಿನಲ್ಲಿ ಆಂಕೆಮಿಯಾ ಎಂಬ ಬೋಳುಗುಡ್ಡವಿದೆ. ತುದಿಯಲ್ಲಿ ಯೆಹೂದ್ಯರ ಹಳೆಯ ಸ್ಮಶಾನ, ಬುಡದಲ್ಲಿ ಕ್ರೈಸ್ತರ ಊರು. ಅಲ್ಲಿಯ ನುಡಿಯಲ್ಲಿ ಆಂಕೆಮಿಯಾ ಎಂದರೆ ‘ನನ್ನದೂ’ ಎಂದಷ್ಟೇ ಅರ್ಥ. ಇದೇನು, ಗುಡ್ಡಕ್ಕಿಡುವ ಹೆಸರೇ ಎಂದು ಬಂದವರು ನಗುತ್ತಾರೆ. ನಗಲಿ ಪಾಪ, ಕಥೆ ಕೇಳಿದ ಮೇಲೆ ಯಾರೂ ನಕ್ಕಿದ್ದಿಲ್ಲ.

ಹಿಂದೆ ಒಮ್ಮೆ ಆ ಊರಿನ ಕೋಟೆಗೋಡೆ ಕುಸಿದಾಗ, ಅದನ್ನು ಕಟ್ಟುವ ಗುತ್ತಿಗೆ ಹಿಡಿದ ರುಜೇರೊ ಎಂಬವನ ಕಣ್ಣು ಸ್ಮಶಾನದ ಚಪ್ಪಡಿಗಳ ಮೇಲೆ ಬಿತ್ತು ಎನ್ನುತ್ತಾರೆ. ಗಂಡನನ್ನು ಅಲ್ಲೇ ಮಣ್ಣು ಮಾಡಿದ್ದ ಡೋಲ್ಚೆತ್ತಾ ಎಂಬ ಯೆಹೂದಿ ವಿಧವೆಗೆ ಸುದ್ದಿ ಕೇಳಿ ಎದೆ ಒಡೆಯಿತು. ಅವಳ ಗಂಡ ವೈದ್ಯ, ಮತ ಕೇಳದೆ ಮದ್ದು ಕೊಟ್ಟವನು. ಯೆಹೂದ್ಯರ ಗೋರಿ ಅಗೆಯಕೂಡದು ಎಂಬ ರೋಮಿನ ಪೋಪರ ಅಪ್ಪಣೆಯೇನೋ ಇತ್ತು. ಒಬ್ಬ ಪೋಪರಾದ ಮೇಲೆ ಇನ್ನೊಬ್ಬರು ಅದನ್ನೇ ಹೊರಡಿಸುತ್ತಿದ್ದರು. ಪಾಲಿಸುವವರಿದ್ದರೆ ಅಷ್ಟು ಸಲ ಹೇಳಬೇಕಿತ್ತೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸಾಲದ್ದಕ್ಕೆ ಅಪ್ಪಣೆಯ ಕೊನೆಗೊಂದು ಕೊಕ್ಕೆ: ಕ್ರೈಸ್ತಧರ್ಮದ ವಿರುದ್ಧ ಪಿತೂರಿ ಮಾಡದವರಿಗೆ ಮಾತ್ರ ಈ ರಕ್ಷಣೆ. ಅದು ಕಾವಲೋ ಕಡಿವಾಣವೋ ಎಂದು ಪಂಡಿತರು ಇಂದಿಗೂ ಜಗಳವಾಡುತ್ತಾರೆ.

ರುಜೇರೊ ಆ ಕೊಕ್ಕೆಯನ್ನೇ ಹಿಡಿದ. ಚರ್ಚಿನ ಮುಂದೆ ಊರು ಸೇರಿಸಿ, “ಇವರು ಹೋದಾಗಲೆಲ್ಲ ಗುಡ್ಡಕ್ಕೆ ಕಲ್ಲು ಒಯ್ಯುತ್ತಾರೆ. ನಮ್ಮ ಮೇಲೆ ಎಸೆಯಲಿಕ್ಕಲ್ಲದೆ ಮತ್ತೇಕೆ, ಪಾದ್ರಿಗಳೇ?” ಎಂದ. ಡೋಲ್ಚೆತ್ತಾ ಎದ್ದಳು. “ಸ್ವಾಮಿ, ನಾವು ಗೋರಿಗೆ ಹೂವಿಡುವವರಲ್ಲ. ಬಂದು ಹೋದೆವೆಂದು ತಿಳಿಸಲು ಒಂದು ಕಲ್ಲಿಡುತ್ತೇವೆ, ಅಷ್ಟೇ.” “ಹಾಗಾದರೆ ನಿನ್ನ ಗಂಡನ ಮೇಲೆ ರಾಶಿ ಬಿದ್ದಿದೆಯಲ್ಲ, ಅವನಿಗೆ ಅಷ್ಟು ಬಳಗವಿತ್ತೇನಮ್ಮ?” ಎಂದು ರುಜೇರೊ ಹಂಗಿಸಿದ. ನಿಜವೇ, ಅವಳಿಟ್ಟದ್ದಕ್ಕಿಂತ ಎಷ್ಟೋ ಹೆಚ್ಚು ಕಲ್ಲುಗಳು ಅಲ್ಲಿದ್ದವು. ಯಾರು ಇಟ್ಟದ್ದೆಂದು ಅವಳಿಗೂ ತಿಳಿಯದು.

ಆಗ ಗುಂಪಿನೊಳಗಿಂದ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಬೇರಾರೂ ಅಲ್ಲ, ರುಜೇರೊನ ಹೆತ್ತ ತಾಯಿ ಫಿಲಿಪ್ಪಾ. “ಅದರಲ್ಲೊಂದು ನನ್ನದೂ ಕಣೋ! ಜ್ವರ ನೆತ್ತಿಗೇರಿ ನೀನು ಕೈಬಿಟ್ಟು ಹೋಗುವ ಹಾಗಿದ್ದೆ. ಉಳಿಸಿಕೊಟ್ಟವನು ಆ ಪುಣ್ಯಾತ್ಮ. ನಿನಗೆ ಹೆದರಿ ಕದ್ದು ಇಟ್ಟು ಬಂದೆ. ಪಿತೂರಿಯಾದರೆ ಮೊದಲು ನನ್ನನ್ನು ಹಿಡಿಸು.” ಅವಳ ಹಿಂದೆಯೇ ಕಮ್ಮಾರ ‘ನನ್ನದೂ’ ಎಂದ, ರೊಟ್ಟಿ ಸುಡುವವಳು ‘ನನ್ನದೂ’ ಎಂದಳು. ಕೊನೆಗೆ ಪಾದ್ರಿಗಳೂ ತಲೆ ತಗ್ಗಿಸಿ ‘ನನ್ನದೂ’ ಎಂದರಂತೆ. ಡೋಲ್ಚೆತ್ತಾ ಮುಸುಕಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು. ರುಜೇರೊ ಕಲ್ಲು ತರಲು ಬೇರೆ ಕಡೆ ಗಾಡಿ ಕಳಿಸಿದ.

ಇಂದು ಗುಡ್ಡ ಹತ್ತಿದವರಿಗೆ ಆ ಚಪ್ಪಡಿಗಳು ಇದ್ದಲ್ಲೇ ಕಾಣುತ್ತವೆ. ಇಳಿದು ಬಂದು ಚರ್ಚಿನ ಅಂಗಳ ಹೊಕ್ಕರೆ ಶಿಲುಬೆ ಕೆತ್ತಿದ ಫಿಲಿಪ್ಪಾಳ ಗೋರಿಯೂ ಉಂಟು. ಸುತ್ತಲಿನ ಗೋರಿಗಳಿಗೆಲ್ಲ ಹೂವು, ಅವಳದಕ್ಕೆ ಮಾತ್ರ ಕಲ್ಲು. ಮೊದಲನೆಯದನ್ನು ಡೋಲ್ಚೆತ್ತಾ ಇಟ್ಟಳು ಎನ್ನುತ್ತಾರೆ.