ಅಯ್ಯನವರಿಗೆಂದು ಕಟ್ಟಿದ ಗೋರಿ

ಪೂಜ್ಯ ಜ್ಞಾನಮಿತ್ರ ಅಯ್ಯನವರು ಸಭಾಪಾಲನೆಯಿಂದ ನಿವೃತ್ತರಾದ ಮೇಲೆ ಹೊಳೆಮಡ್ಡಿಯ ಮಿಶನ್ ಶಾಲೆಯ ಹಿಂದಿನ ಒಂಟಿ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಹೊರಸು, ಒಂದು ಸ್ಟೋವು, ಸತ್ಯವೇದ, ಬಂದವರ ಕೈಗೆ ಹಾಕಲು ಒಂದು ಡಬ್ಬಿ ಹುರಿದ ಶೇಂಗಾ. ಇಷ್ಟೇ ಅವರ ಸಂಸಾರ. ಆ ನೇಕಾರರ ಊರಿನಲ್ಲಿ ಅವರು ನಲವತ್ತು ವರ್ಷ ಬೋಧಿಸಿದ್ದರು. ಅವರ ಮಾತು ಕೇಳಿ ಕುಡಿತ ಬಿಟ್ಟವರಿದ್ದರು, ಮುನಿಸು ಬಿಟ್ಟು ಒಂದಾದ ಅಣ್ಣತಮ್ಮಂದಿರಿದ್ದರು.

ಅಂಥವರನ್ನು ಜನ ಪ್ರೀತಿಸದೆ ಇರುವುದು ಹೇಗೆ? ಆದರೆ ಪ್ರೀತಿ ಎಲ್ಲಿಗೆ ನಿಲ್ಲಬೇಕೆಂಬುದು ನಮ್ಮ ಜನಕ್ಕೆ ತಿಳಿಯುವುದಿಲ್ಲ. ಅಯ್ಯನವರ ಹಳೆಯ ಶಾಲನ್ನು ಚೂರು ಮಾಡಿ ಮಕ್ಕಳ ತೊಟ್ಟಿಲಿಗೆ ಕಟ್ಟಿಕೊಂಡರು. ಸಭೆಯ ಹಿರಿಯರಾದ ಲೂಕಪ್ಪ ಮಾಸ್ತರರಂತೂ, ಹೊಸ ಬೋಧಕರು ಪ್ರಸಂಗ ಮಾಡುವಾಗ ಮೇಲೆ ನೋಡುತ್ತ ಜಂತಿ ಎಣಿಸುತ್ತಿದ್ದರು. ಕೊನೆಗೆ ಅವರು ಮಾಡಿದ ಕೆಲಸ ಕೇಳಿದರೆ ನಗುವೂ ಬರುತ್ತದೆ, ಕಣ್ಣೂ ತುಂಬುತ್ತದೆ. ಅಯ್ಯನವರು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಸ್ಮಶಾನದಲ್ಲಿ ಅವರಿಗಾಗಿ ಗೋರಿ ತೋಡಿಸಿ, ಒಳಗೆ ಇಟ್ಟಿಗೆ ಕಟ್ಟಿಸಿ, ‘ಮಹಾಬೋಧಕರು’ ಎಂದು ಕೆತ್ತಿದ ಅಮೃತಶಿಲೆಯ ಫಲಕವನ್ನೂ ಸಿದ್ಧಮಾಡಿಟ್ಟರು! ತೋರಿಸಲು ಕರೆದೊಯ್ದಾಗ ಅಯ್ಯನವರು ಒಳಗೆ ಇಣುಕಿ, “ಮಾಸ್ತರ, ಇಷ್ಟ ಲಗೂನ ಕಳಸ್ತೀರೇನ್ರಿ ನನ್ನ?” ಎಂದು ನಕ್ಕರು.

ಏಳು ವರ್ಷದ ಹಿಂದೆ ಇದೇ ಸಭೆಯಿಂದ ಕೆಲವರು ಒಡೆದು ಹೋಗಿದ್ದರು. ಊರೂರು ತಿರುಗುವ ಇನ್ನೊಬ್ಬ ಬೋಧಕರೇ ಅವರಿಗೆ ಸರ್ವಸ್ವ. ಆ ಬೋಧಕರ ಫೋಟೋ ಇಲ್ಲದ ಮನೆ ಅವರಲ್ಲಿ ಒಂದೂ ಇರಲಿಲ್ಲ. ಸಭೆಯಲ್ಲಿ ಉಳಿದವರು, ಚಪ್ಪಾಳೆ ತಟ್ಟಿ ಹಾಡುವ ಅವರನ್ನು ಚಪ್ಪಾಳೆಯವರು ಎಂದರು, ಅವರು ಇವರನ್ನು ಸತ್ತ ಸಭೆಯವರು ಎಂದರು. ಬಿಟ್ಟುಹೋದವರಿಗೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲವೆಂದು ಲೂಕಪ್ಪ ಮಾಸ್ತರರು ಮುಂದೆ ನಿಂತು ಠರಾವು ಮಾಡಿಸಿದರು. ಆ ಸುದ್ದಿ ಅಯ್ಯನವರ ಕಿವಿಗೆ ಬೀಳದಂತೆಯೂ ನೋಡಿಕೊಂಡರು. ಒಳಗೊಳಗೇ ಅಳುಕಿತ್ತೆಂದು ಕಾಣುತ್ತದೆ.

ಒಂದು ಬೇಸಿಗೆಯ ಬೆಳಗ್ಗೆ, ಬಿಟ್ಟುಹೋದವರ ಪೈಕಿ ಎಲೀಷಪ್ಪನೆಂಬ ನೇಕಾರ ತೀರಿಕೊಂಡ. ಅವರ ಬೋಧಕರು ಎಲ್ಲೋ ದೂರದ ಕೂಟದಲ್ಲಿದ್ದರು. ಸ್ಮಶಾನಕ್ಕೆ ಬೀಗ, ಅದರ ಕೀಲಿಕೈ ಲೂಕಪ್ಪ ಮಾಸ್ತರರ ಜೇಬಿನಲ್ಲಿ. ಬಿಸಿಲು ಏರುತ್ತಿತ್ತು, ಸಂಜೆಯೊಳಗೆ ಮಣ್ಣು ಮಾಡದೆ ಗತಿಯಿರಲಿಲ್ಲ. ಎಲೀಷಪ್ಪನ ಹೆಂಡತಿ ರಾಹೇಲವ್ವ ಅಯ್ಯನವರ ಹೊಸ್ತಿಲಿಗೆ ಬಂದು ಕುಸಿದು ಕೂತರು.

“ಅಯ್ಯಾರ, ನಿಮ್ಮನ್ನ ಬಿಟ್ಟು ಹೋದವರು ನಾವು. ಯಾವ ಮಾರಿ ಹೊತ್ತು ಕೇಳ್ಲಿ? ನನ್ನ ಗಂಡನ್ನ ಎಲ್ಲಿ ಇಡ್ಲಿ?”

ಸುದ್ದಿ ತಿಳಿದು ಲೂಕಪ್ಪ ಮಾಸ್ತರರೂ ಏದುಸಿರು ಬಿಡುತ್ತ ಬಂದರು. “ಅಯ್ಯಾರ, ನೀವು ನಡುವ ಬರಬ್ಯಾಡ್ರಿ. ನಿಮ್ಮ ಬೋಧನಿ ಒದ್ದು ಹೋದಂವ ಅಂವ. ನಿಮ್ಮ ಮರ್ಯಾದಿ ಸಲುವಾಗಿನ ನಾವು ಠರಾವು ಮಾಡೇವಿ.”

ಅಯ್ಯನವರ ಮುಖ ಬಾಡಿತು. ತಮ್ಮ ಹೆಸರಿನಲ್ಲಿ ಇಂಥದೊಂದು ನಡೆದಿದೆಯೆಂದು ಅವರಿಗೆ ತಿಳಿದದ್ದೇ ಆಗ. ಅವರು ಕೇಳಿದರು: “ಮಾಸ್ತರ, ಆ ಗೋರಿ ಯಾರದ್ರಿ?”

“ನಿಮ್ಮದರೀ ಅಯ್ಯಾರ.”

“ಹಂಗಾದ್ರ ಅದನ್ನ ಎಲೀಷಪ್ಪಗ ಕೊಟ್ಟೆ.”

ಮಾಸ್ತರರಿಗೆ ಅಳುವೇ ಬಂದುಬಿಟ್ಟಿತು. “ನಿಮಗಂತ ಕಟ್ಟಿಸಿದ್ದರೀ! ಅದರಾಗ ಬ್ಯಾರೇದವರನ್ನ ಹೆಂಗ ಇಡೂದು?”

“ನಮ್ಮ ಸ್ವಾಮಿ ಮಲಗಿದ್ದು ಯಾರ ಗೋರಿಯೊಳಗ, ಮಾಸ್ತರ?”

ಮೂವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಇದೇ ಪ್ರಶ್ನೆ ಕೇಳಿ, ತನಗೆಂದು ತೋಡಿಸಿದ್ದ ಗೋರಿಯನ್ನು ಸ್ವಾಮಿಗೆ ಬಿಟ್ಟುಕೊಟ್ಟ ಅರಿಮಥಾಯದ ಯೋಸೇಫನ ಹೆಸರು ಹೇಳಿಸಿದವರು ಮಾಸ್ತರರು. ಈಗ ಅವರು ತಲೆ ತಗ್ಗಿಸಿದರು. ಅಯ್ಯನವರು ಅವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು: “ನಿಮಗ ಬೋಧಿಸಿದಂವ ನಾನು, ಖರೆ. ನಿಮಗಾಗಿ ಸತ್ತಂವ ನಾನಲ್ಲ.”

ಮಾಸ್ತರರು ಜೇಬಿನಿಂದ ಕೀಲಿಕೈ ತೆಗೆದು ರಾಹೇಲವ್ವನ ಕೈಗೆ ಕೊಟ್ಟರು. ಮುಖ ಎತ್ತಿ ನೋಡುವ ಧೈರ್ಯ ಮಾತ್ರ ಅವರಿಗೆ ಇನ್ನೂ ಬಂದಿರಲಿಲ್ಲ.

ಮೂರು ಗಂಟೆಗೆ ಪೆಟ್ಟಿಗೆ ಬಂತು. ಎರಡೂ ಸಭೆಯವರು ಗೋರಿಯ ಆಚೆಗೊಂದು ಈಚೆಗೊಂದು ಗುಂಪಾಗಿ ನಿಂತರು. ಇಳಿಸಲು ನೋಡಿದರೆ ಪೆಟ್ಟಿಗೆ ಹಿಡಿಸಲೊಲ್ಲದು! ಅಯ್ಯನವರು ಗಿಡ್ಡ ಆಳು. ಅವರು ಮಧ್ಯಾಹ್ನ ನಿದ್ದೆ ಹೋದಾಗ ಮಾಸ್ತರರು ಗುಟ್ಟಾಗಿ ನೂಲು ಹಿಡಿದು ಅಳೆದು, ಸರಿಯಾಗಿ ಅವರ ಅಳತೆಗೇ ಕಟ್ಟಿಸಿದ್ದರು. ಎಲೀಷಪ್ಪನೋ ಅವರಿಗಿಂತ ಒಂದು ಮೊಳ ಉದ್ದ. ಪೆಟ್ಟಿಗೆ ಹಿಡಿದವರು ಏನು ಮಾಡಬೇಕೆಂದು ತೋಚದೆ ನಿಂತರು. ರಾಹೇಲವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಆಗ ಲೂಕಪ್ಪ ಮಾಸ್ತರರು ಕೋಟು ಕಳಚಿ ಅಯ್ಯನವರ ಕೈಗೆ ಕೊಟ್ಟರು. ಹಾರೆ ಹಿಡಿದು, ಅರವತ್ತೆಂಟರ ಆ ವಯಸ್ಸಿನಲ್ಲಿ, ತಾವೇ ಗೋರಿಯೊಳಗೆ ಇಳಿದರು. ತಾವು ನಿಂತು ಕಟ್ಟಿಸಿದ ಗೋಡೆಯನ್ನು ಕಾಲ್ದೆಸೆಯಿಂದ ಒಡೆಯತೊಡಗಿದರು. ಒಂದೊಂದೇ ಇಟ್ಟಿಗೆ ಮೇಲೆ ಬಂತು. ಆಚೆಯ ಗುಂಪಿನ ಇಬ್ಬರು ಬಗ್ಗಿ ಇಸಿದುಕೊಂಡರು, ಈಚೆಯವರೂ ಕೈಹಚ್ಚಿದರು. ಆಮೇಲೆ ಯಾರು ಯಾವ ಸಭೆಯವರೆಂದು ಗುರುತು ಹಿಡಿಯುವಂತಿರಲಿಲ್ಲ. ಎಲ್ಲರ ಮೈಗೂ ಅದೇ ಕೆಂಪು ಧೂಳು ಮೆತ್ತಿತ್ತು.

ಒಂದು ಮೊಳ ಜಾಗವಾದ ಮೇಲೂ ಮಾಸ್ತರರು ಮೇಲೆ ಬರಲಿಲ್ಲ. ಗೋರಿಯೊಳಗೇ ನಿಂತು ಎರಡೂ ಕೈ ಮೇಲೆ ಚಾಚಿದರು.

“ಕೊಡ್ರೆಪಾ,” ಎಂದರು. “ನಮ್ಮಂವನ್ನ ನನ್ನ ಕೈಗೆ ಕೊಡ್ರಿ.”

ಬೆಳಗಿನಿಂದ ಅಳು ಬಿಗಿಹಿಡಿದಿದ್ದ ರಾಹೇಲವ್ವ ಆಗ ಬಾಯಿಬಿಟ್ಟು ಅತ್ತರು.