ಐದು ಮನೆಯ ದೋಣಿ

“ಗುರುಗಳೇ, ಕೊಟ್ಟ ಮೇಲೆ ಮನಸ್ಸು ಹಗುರವಾಗಬೇಕಲ್ಲವೇ?” ಎಂದು ಶಿಷ್ಯ ಕೇಳಿದ. “ಮನೆ, ಹಿತ್ತಲು, ಹಾಲು ಕರೆಯುವ ಎರಡು ಹಸು, ನನ್ನದು ಅನ್ನುವುದನ್ನೆಲ್ಲ ದಾನ ಮಾಡಿ ನಿಮ್ಮಲ್ಲಿಗೆ ಬಂದೆ. ಊರಿನವರು ಹಾರ ಹಾಕಿ, ಊರ ಗಡಿಯವರೆಗೆ ಬಂದು ಕಳಿಸಿಕೊಟ್ಟರು. ಆದರೂ ನನಗೆ ಸಮಾಧಾನವಿಲ್ಲ. ನನ್ನ ದಾನದಲ್ಲಿ ಏನು ಕಡಿಮೆಯಾಯಿತು?”

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಕಾಲುವೆಯ ದಡದಲ್ಲಿ ಒಂದು ಪಟ್ಟಣವಿತ್ತು. ಮಳೆಗಾಲ ಮುಗಿದು ಕಾಲುವೆ ತುಂಬಿದಾಗ ಅಲ್ಲಿನ ಸಾಹುಕಾರರು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ವಿಹಾರ ಹೊರಡುತ್ತಿದ್ದರು. ದೋಣಿಗೆ ಚಾವಣಿ ಇರುತ್ತಿತ್ತು, ಒಳಗೆ ಹಾಸಿಗೆ, ಹಿಂದೆ ಒಲೆ. ಎಂಟು ದಿನ ನೀರಿನ ಮೇಲೆಯೇ ಉಂಡು ಮಲಗಿ ಹಿಂದಿರುಗುತ್ತಿದ್ದರು. ದಡದಲ್ಲಿ ನಿಂತು ಅದನ್ನು ನೋಡುವುದು ಉಳಿದವರ ವಿಹಾರವಾಗಿತ್ತು.

ಆ ಪಟ್ಟಣದಲ್ಲಿ ಒಬ್ಬ ನೇಕಾರನಿದ್ದ. ಅವನ ಮನೆಯ ಜಗಲಿ ಕಾಲುವೆಗೆ ಎದುರಾಗಿತ್ತು. ಒಳಗೆ ಅವನು ಮಗ್ಗ ನೇಯುತ್ತಿದ್ದ. ಜಗಲಿಯ ಮೇಲೆ ಅವನ ಹೆಂಡತಿ ರಾಟೆ ತಿರುಗಿಸಿ ಮಗ್ಗಕ್ಕೆ ಬೇಕಾದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮದುವೆಯಾದ ದಿನದಿಂದ ಅವಳ ಕೈ ತಿರುಗುತ್ತಿತ್ತು, ದೋಣಿಗಳು ಹೋಗುತ್ತಿದ್ದವು.

ಒಂದು ಸಂಜೆ ಅವಳು ಹೇಳಿದಳು: “ರೀ, ನನಗೂ ಒಂದು ಸಲ ಹಾಗೆ ಹೋಗಬೇಕು. ನಾನು ಸುಮ್ಮನೆ ಕೂತಿರಬೇಕು, ದಡ ತಾನಾಗಿ ಹಿಂದೆ ಹೋಗ್ತಿರಬೇಕು. ಅಷ್ಟೇ.”

“ನಮ್ಮಂಥವರಿಗೆ ದೋಣಿ ಎಲ್ಲಿಂದ ಬರುತ್ತದೆ?” ಎಂದ ನೇಕಾರ.

ಆದರೆ ದೋಣಿ ಬಂತು. ಊರಿನ ಮೇಷ್ಟ್ರು ಒಂದು ಉಪಾಯ ಕಂಡುಹಿಡಿದಿದ್ದರು. ಸಾಹುಕಾರನ ದೋಣಿ ಎಂಟು ದಿನ ಓಡಿ ವರ್ಷವೆಲ್ಲ ಗೂಟಕ್ಕೆ ಕಟ್ಟಿಸಿಕೊಂಡು ಕೊಳೆಯುತ್ತದೆ. ಐದು ಮನೆಯವರು ಸೇರಿ ಒಂದು ದೋಣಿ ಮಾಡಿಸಿದರೆ ಒಬ್ಬೊಬ್ಬರ ಪಾಲಿಗೆ ಬೀಳುವ ಖರ್ಚು ಹಗುರ, ದೋಣಿಗೂ ಕೆಲಸ. ಕಾಲುವೆಯಲ್ಲಿ ನೀರಿರುವಷ್ಟು ಕಾಲ ಸರದಿಯ ಮೇಲೆ ಒಬ್ಬೊಬ್ಬರು ಎಂಟೆಂಟು ದಿನ ಹೋಗಿ ಬರಬಹುದು. ಮೇಷ್ಟ್ರು, ಅಕ್ಕಸಾಲಿಗ, ಬೆಲ್ಲದ ವ್ಯಾಪಾರಿ, ಗಾಣದವನು ಒಪ್ಪಿದರು. ಐದನೆಯ ಪಾಲು ನೇಕಾರನದು. ಆ ಪಾಲಿಗಾಗಿ ಅವನು ತಿಂಗಳಿಗೆ ಒಂದು ಸೀರೆ ಹೆಚ್ಚು ನೇಯ್ದ, ಅವಳು ಅಷ್ಟು ಕಂಡಿಕೆ ಹೆಚ್ಚು ಸುತ್ತಿದಳು. ನೇಯ್ದು ಮುಗಿದ ಸೀರೆಯಲ್ಲಿ ಯಾರ ಕೆಲಸ ಎಷ್ಟು ಎಂದು ಕಾಣುವುದಿಲ್ಲ.

ಹಂಚಿಕೊಂಡ ವಸ್ತು ಜಗಳ ತರುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು. ಅದಕ್ಕೂ ಅವರು ಒಂದು ಏರ್ಪಾಡು ಮಾಡಿದರು. ವರ್ಷಕ್ಕೊಮ್ಮೆ ಐವರೂ ಸೇರುವ ಸಭೆಯಲ್ಲಿ, ತನ್ನ ಸರದಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಿಗೆ ಮೊದಲ ವೀಳ್ಯ ಕೊಡಬೇಕು; ಬಿಟ್ಟ ಸರದಿಗೆ ಬದಲು ಸರದಿ ಕೇಳುವಂತಿಲ್ಲ. ಏರ್ಪಾಡು ಫಲಿಸಿತು. ಜಗಳ ಬರಲೇ ಇಲ್ಲ.

ಮೊದಲ ವರ್ಷ ನೇಕಾರನ ಸರದಿ ಹತ್ತಿರ ಬಂತು. ಹೆಂಡತಿ ಎಂಟು ದಿನ ಕೆಡದಂಥ ಸಜ್ಜೆ ರೊಟ್ಟಿ ತಟ್ಟಿ ಒಣಗಿಸಿ ಡಬ್ಬಿ ತುಂಬಿದಳು. ಶೇಂಗಾ ಚಟ್ನಿಪುಡಿ ಕುಟ್ಟಿದಳು. ಹೊರಡುವ ಹಿಂದಿನ ದಿನ ಅಕ್ಕಸಾಲಿಗ ಬಂದ.

“ಅಣ್ಣಾ, ಮಗಳ ಮದುವೆಯಾಗಿದೆ, ಅಳಿಯ ಬಂದಿದ್ದಾನೆ. ನನ್ನ ಸರದಿ ಬರುವಷ್ಟರಲ್ಲಿ ಅವನ ರಜೆ ಮುಗಿಯುತ್ತದೆ. ನೀನು ದೊಡ್ಡ ಮನಸ್ಸು ಮಾಡಬೇಕು.”

ನೇಕಾರ ದೊಡ್ಡ ಮನಸ್ಸು ಮಾಡಿದ. ಹೆಂಡತಿ, “ಪಾಪ, ಹೊಸ ಜೋಡಿ, ಹೋಗಿ ಬರಲಿ” ಎಂದಳು. ಮಾಡಿಟ್ಟ ರೊಟ್ಟಿ ಕೆಡುವುದು ಬೇಡವೆಂದು ಡಬ್ಬಿಯನ್ನೂ ದೋಣಿಗೆ ಕಳಿಸಿದಳು. ಸಭೆಯಲ್ಲಿ ನೇಕಾರನಿಗೆ ಮೊದಲ ವೀಳ್ಯ ಬಂತು. ಅವನ ಜೀವನದಲ್ಲಿ ಯಾರೂ ಅವನಿಗೆ ಯಾವುದನ್ನೂ ಮೊದಲು ಕೊಟ್ಟಿರಲಿಲ್ಲ. ಆ ಎಲೆಯ ರುಚಿ ಅವನಿಗೆ ಹಿಡಿಸಿತು.

ಎರಡನೆಯ ವರ್ಷ ಬೆಲ್ಲದ ವ್ಯಾಪಾರಿಯ ಬೀಗರು ಬಂದರು. ಬಂದವರಿಗೆ ದೋಣಿ ತೋರಿಸದಿದ್ದರೆ ವ್ಯಾಪಾರಿಯ ಮಾನ ಹೋಗುತ್ತಿತ್ತು. ಮೂರನೆಯ ವರ್ಷ ಗಾಣದವನ ತಾಯಿ ಕಾಯಿಲೆಯಿಂದ ಎದ್ದಿದ್ದಳು. ವೈದ್ಯರು ನೀರಿನ ಗಾಳಿ ಒಳ್ಳೆಯದು ಎಂದಿದ್ದರಂತೆ. ನಾಲ್ಕನೆಯ ವರ್ಷ ಮೇಷ್ಟ್ರೇ ಬಂದರು. ಮೇಷ್ಟ್ರು ಯಾರಲ್ಲೂ ಏನನ್ನೂ ಕೇಳಿದವರಲ್ಲ. ಅಂಥವರು ಕೇಳಿದಾಗ ಇಲ್ಲ ಎನ್ನುವುದು ಹೇಗೆ?

ಪ್ರತಿ ವರ್ಷವೂ ರೊಟ್ಟಿಯ ಡಬ್ಬಿ ಕಾಲುವೆಯ ಮೇಲೆ ಹೋಗಿ ಖಾಲಿಯಾಗಿ ಬಂತು. ಆ ದೋಣಿಯಲ್ಲಿ ಊಟ ಬಲು ರುಚಿ ಎಂದು ಎಲ್ಲರೂ ಹೇಳುತ್ತಿದ್ದರು. ಸರದಿ ಕೇಳಲು ಬಂದವರು ಡಬ್ಬಿಯ ಬಗ್ಗೆಯೂ ವಿಚಾರಿಸತೊಡಗಿದರು.

ಮೇಷ್ಟ್ರು ಹೋದ ಮೇಲೆ ಹೆಂಡತಿ ಹೇಳಿದಳು: “ಮುಂದಿನ ವರ್ಷ ಯಾರಾದರೂ ಬಂದರೆ ನನ್ನನ್ನು ಒಂದು ಮಾತು ಕೇಳ್ತೀರಾ?”

“ಕೇಳಿದರೆ ನೀನೂ ಕೊಡು ಅಂತಲೇ ಅನ್ನುತ್ತೀಯ. ನಿನ್ನ ಗುಣ ನನಗೆ ಗೊತ್ತಿಲ್ಲವೇ?” ಎಂದ ನೇಕಾರ. ಅವನು ಹೊಗಳಿದ್ದ. ಅವಳು ರಾಟೆಯ ಮುಂದೆ ಹೋಗಿ ಕುಳಿತಳು.

ಐದನೆಯ ವರ್ಷ ಕಾಲುವೆಗೆ ನೀರು ಬಿಡುವ ಮೊದಲೇ ಅವಳು ಹಾಸಿಗೆ ಹಿಡಿದಳು. ಕಾಲು ಬಾತಿತ್ತು, ಕುಳಿತರೂ ಉಸಿರು ಸಿಕ್ಕುತ್ತಿರಲಿಲ್ಲ. ನೇಕಾರ ನಾಲ್ವರ ಮನೆಗೂ ಹೋಗಿ, ಈ ಸಲ ನನ್ನ ಸರದಿ ಯಾರಿಗೂ ಇಲ್ಲ ಎಂದ. ಅವನು ಹಾಗೆ ಹೇಳಿದ್ದು ಅದೇ ಮೊದಲು. ನಾಲ್ವರೂ ಕಣ್ಣೀರು ಹಾಕಿದರು. ಸಂಜೆ ನಾಲ್ವರೂ ಒಟ್ಟಾಗಿ ಅವಳ ಹಾಸಿಗೆಯ ಬಳಿ ಬಂದರು.

“ತಾಯಿ, ನಮ್ಮ ಸರದಿಗಳೂ ನಿಮಗೇ. ಈ ಸಲ ದೋಣಿ ಪೂರ್ತಿ ನಿಮ್ಮದು. ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಿ” ಎಂದರು ಮೇಷ್ಟ್ರು.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. “ಅಷ್ಟೊಂದು ದಿನ ಇಟ್ಟುಕೊಂಡು ನಾನೇನು ಮಾಡಲಿ, ಮೇಷ್ಟ್ರೇ?” ಎಂದಳು.

ಕಾಲುವೆಗೆ ನೀರು ಬಂದ ವಾರವೇ ಅವಳು ತೀರಿಕೊಂಡಳು.

ಆ ವರ್ಷದ ಸಭೆಯಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ನಾಲ್ವರೂ ಬಿಟ್ಟುಕೊಟ್ಟಿದ್ದರು. ನ್ಯಾಯವಾಗಿ ಯೋಚಿಸಿ, ನಾಲ್ವರೂ ಒಂದೇ ಸಲ ತೆಗೆದುಕೊಳ್ಳುವುದು ಎಂದು ತೀರ್ಮಾನಿಸಿದರು. ನೇಕಾರ ಸಭೆಗೆ ಬಂದಿರಲಿಲ್ಲ.

ಅದರ ಮರುವರ್ಷ ಎಲ್ಲರಿಗಿಂತ ಮೊದಲು ನೇಕಾರನ ಸರದಿ ಬಂದಾಗ ಯಾರೂ ಕೇಳಲು ಬರಲಿಲ್ಲ. ಸತ್ತವಳ ಮೇಲಿನ ಗೌರವದಿಂದ ಎಲ್ಲರೂ ದೂರ ಉಳಿದರು. ನೇಕಾರ ಯಾರಾದರೂ ಬರಬಹುದೆಂದು ಹೊತ್ತು ಮುಳುಗುವವರೆಗೆ ಜಗಲಿಯ ಮೇಲೆ ಕಾದ. ಬೆಳಿಗ್ಗೆ ಒಬ್ಬನೇ ದೋಣಿ ಹತ್ತಿದ. ಅಂಬಿಗ ಬಿದಿರಿನ ಗಳು ಊರಿ ದೋಣಿಯನ್ನು ತಳ್ಳಿದ. ನೇಕಾರ ಸುಮ್ಮನೆ ಕುಳಿತ. ದಡ ತಾನಾಗಿ ಹಿಂದೆ ಹೋಯಿತು. ಅವನ ಮನೆಯ ಜಗಲಿಯೂ ಹೋಯಿತು. ನೀರಿನಿಂದ ನೋಡಿದರೆ ಅದು ತೀರ ಚಿಕ್ಕದಾಗಿತ್ತು.

ಕಾಲುವೆಗೆ ಅಡ್ಡಲಾಗಿದ್ದ ಮೊದಲ ತೂಬಿನ ಬಾಗಿಲ ಹತ್ತಿರ ದೋಣಿ ನಿಂತಿತು. ತೂಬು ಕಾಯುವ ಮುದುಕ ದೋಣಿಯ ಗುರುತು ಹಿಡಿದು ನಗುತ್ತಾ ಇಳಿದು ಬಂದ.

“ಹೋದ ವರ್ಷ ಈ ದೋಣಿ ಬರಲೇ ಇಲ್ಲವಲ್ಲ, ಯಜಮಾನರೇ! ರೊಟ್ಟಿ ಎಲ್ಲಿ? ನಿಮ್ಮವರು ಪ್ರತಿ ವರ್ಷ ಒಂದೆರಡು ಕೊಟ್ಟೇ ಮುಂದೆ ಹೋಗುತ್ತಿದ್ದರು. ಊರಿನಲ್ಲಿ ಒಬ್ಬ ತಾಯಿ ಮಾಡಿ ಕಳಿಸುತ್ತಾರೆ ಅಂತಿದ್ದರು. ಯಾರಪ್ಪಾ ಆಕೆ?”

“ನನ್ನ ಹೆಂಡತಿ” ಎಂದ ನೇಕಾರ.

“ಓಹೋ! ಹಾಗಾದರೆ ಒಂದು ಮಾತು. ಇಷ್ಟು ವರ್ಷ ಅವರ ಕೈ ರುಚಿ ಉಂಡಿದ್ದೇನೆ, ಮುಖ ನೋಡಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ. ತಪ್ಪಿಸಬಾರದು.”

“ಆಗಲಿ” ಎಂದ ನೇಕಾರ.

ಮುದುಕ ತೂಬಿನ ಬಾಗಿಲು ಎತ್ತಿದ. ದೋಣಿ ಮುಂದೆ ಹೋಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹೊತ್ತು ಕಾದ. ಕತೆ ಮುಗಿದಿದೆ ಎಂದು ತಿಳಿದಾಗ ಅವನಿಗೆ ಬೇಸರವಾಯಿತು.

“ಆ ನೇಕಾರ ಮಾಡಿದ ತಪ್ಪಾದರೂ ಏನು, ಗುರುಗಳೇ? ಕದಿಯಲಿಲ್ಲ, ಮೋಸ ಮಾಡಲಿಲ್ಲ. ತನ್ನದನ್ನು ತಾನು ಕೊಟ್ಟ.”

ಗುರುಗಳು ಅವನನ್ನೇ ನೋಡುತ್ತಾ ಕೇಳಿದರು: “ನೀನು ಮನೆಯನ್ನು ದಾನ ಕೊಟ್ಟ ಹೊತ್ತಿಗೆ, ಒಳಗೆ ಒಲೆಯ ಮುಂದೆ ಕುಳಿತಿದ್ದವರು ಯಾರು?”