ಗುಜರಿಯ ಮೀಟರು

ಭರಮಣ್ಣನೆಂಬ ಶಿಷ್ಯ ಕೇಳಿದ: “ಗುರುಗಳೇ, ಅಣ್ಣನನ್ನು ಮನೆಯಿಂದ ಹೊರಗೆ ಹಾಕಿದೆ. ನೀನು ಮಾಡಿದ್ದೇ ಸರಿ ಎಂದು ಊರೆಲ್ಲ ಹೇಳುತ್ತದೆ. ನನ್ನ ಮನಸ್ಸೊಂದು ಮಾತ್ರ ಒಪ್ಪುತ್ತಿಲ್ಲ. ಈ ಮನಸ್ಸನ್ನು ಸರಿ ಮಾಡಿಕೊಡಿ.”

ಗುರುಗಳು ಹೇಳತೊಡಗಿದರು.

ಒಬ್ಬ ರೇಡಿಯೋ ರಿಪೇರಿಯವನಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗುಜರಿ ಅಂಗಡಿಯಲ್ಲಿ ಅವನಿಗೊಂದು ಹಳೆಯ ಮೀಟರು ಸಿಕ್ಕಿತು. ಕರೆಂಟಿನ ವೋಲ್ಟೇಜನ್ನು ಮುಳ್ಳಿನಿಂದ ತೋರಿಸುವಂಥದು. ಮನೆಗೆ ತಂದು ಬಿಚ್ಚಿದ. ತುಕ್ಕು ಉಜ್ಜಿದ. ಕೊಳೆತ ವೈರು ಕಿತ್ತು ಹೊಸದನ್ನು ಬೆಸೆದ. ಪೆಟ್ಟಿಗೆ ಒಡೆದಿತ್ತು, ಸಾಗುವಾನಿಯ ತುಂಡಿನಲ್ಲಿ ತಾನೇ ಬೇರೆ ಮಾಡಿದ. ಸತ್ತಂತಿದ್ದ ಮುಳ್ಳು ಎದ್ದು ಆಡಿದಾಗ ಅವನ ಕಣ್ಣಲ್ಲಿ ನೀರು ಬಂತು. ಅಷ್ಟು ಪ್ರೀತಿಯಿಂದ ಮಾಡಿದ್ದ.

ಮನೆಯ ಪ್ಲಗ್ಗಿಗೆ ಹಚ್ಚಿ ನೋಡಿದ. ಮುಳ್ಳು ನೂರ ಎಂಬತ್ತಕ್ಕೆ ನಿಂತಿತು. ಮನೆಗೆ ಬರುವ ಕರೆಂಟು ಇನ್ನೂರ ಮೂವತ್ತು ಎಂದು ಅವನು ಕಲಿತಿದ್ದ. “ಪಾಪ, ಮುದುಕ. ಕಣ್ಣು ಮಂಜಾಗಿದೆ” ಎನ್ನುತ್ತ ಒಳಗಿನ ತಿರುಪುಮೊಳೆಯನ್ನು ತಿರುಗಿಸಿದ. ಮುಳ್ಳು ಇನ್ನೂರ ಮೂವತ್ತಕ್ಕೆ ಬಂದ ಮೇಲೆಯೇ ಕೈ ತೆಗೆದ.

ಆಮೇಲೆ ಮೀಟರನ್ನು ಬಗಲಲ್ಲಿಟ್ಟುಕೊಂಡು ಊರು ಸುತ್ತಿದ. “ಇಂಥದ್ದು ಸುತ್ತ ಹಳ್ಳಿಯಲ್ಲಿ ಯಾರ ಹತ್ತಿರ ಐತಿ, ತಂದು ತೋರಿಸ್ರಿ ನೋಡೋಣ!”

ಪಕ್ಕದಲ್ಲಿ ಒಬ್ಬ ಹೆಂಗಸು ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಅವಳ ಮನೆಯ ಒಲೆ ಉರಿಯುತ್ತಿದ್ದುದು ಆ ಒಂದು ಮೋಟರಿನಿಂದ. ಒಂದು ಸಂಜೆ ಅವಳು ಕೇಳಿದಳು: “ತಮ್ಮಾ, ಬಲ್ಬು ಕೆಂಪಗೆ ಉರಿಯಾಕ ಹತ್ತೈತಿ. ಮೋಟರು ಹಾಕಲೋ ಬ್ಯಾಡೋ?”

ಅವನು ಗಿರಣಿಯ ಪ್ಲಗ್ಗಿಗೆ ಮೀಟರು ಹಚ್ಚಿದ. “ಬಲ್ಬನ್ನೇನು ಕೇಳ್ತಿ ಅಕ್ಕಾ, ಇದನ್ನ ಕೇಳು. ಇನ್ನೂರ ಮೂವತ್ತು! ಕಣ್ಣು ಮುಚ್ಚಿ ಹಾಕು.”

ಹಾಕಿದಳು. ಜೋಳ ಅರ್ಧ ಬೀಸುವಷ್ಟರಲ್ಲಿ ಮೋಟರು ನರಳಿ, ಹೊಗೆ ಕಾರಿ ಸುಟ್ಟುಹೋಯಿತು.

ಅದರ ಸುಟ್ಟ ತಂತಿ ತೆಗೆದು ಹೊಸದು ಸುತ್ತಲು ಬಂದ ಮೋಟರು ಕೆಲಸದವನು ತಾನು ತಂದಿದ್ದ ಬೇರೆ ಮೀಟರನ್ನು ಅದೇ ಪ್ಲಗ್ಗಿಗೆ ಹಚ್ಚಿದ. ನೂರ ಎಂಬತ್ತು. ಕಡಿಮೆ ಕರೆಂಟಿನಲ್ಲಿ ಏದುಸಿರು ಬಿಟ್ಟು ಮೋಟರು ಸತ್ತಿತ್ತು. ಊರಿನ ಲೈನೇ ಸೊರಗಿತ್ತು. ಗುಜರಿಯ ಮೀಟರು ಮೊದಲ ದಿನವೇ ನಿಜ ಹೇಳಿತ್ತು.

ಅದನ್ನು ಕಂಡ ರೇಡಿಯೋ ರಿಪೇರಿಯವನು ತನ್ನ ಮೀಟರನ್ನು ನೆಲಕ್ಕೆ ಕುಕ್ಕಲು ಎತ್ತಿದ. ಹೆಂಗಸು ಕೈ ಹಿಡಿದಳು. “ಅದರ ಮ್ಯಾಲೆ ಯಾಕ ಸಿಟ್ಟು ತಮ್ಮಾ? ನೀ ಕಲಿಸಿದ್ದನ್ನೇ ಅದು ಹೇಳ್ತು.”

ಅವನು ಮನೆಗೆ ಹೋಗಿ ಮೀಟರು ಬಿಚ್ಚಿದ. ತಿರುಪನ್ನು ಹಿಂದಕ್ಕೆ ತಿರುಗಿಸಬೇಕು. ಎಲ್ಲಿಯವರೆಗೆ? ಮುಟ್ಟುವ ಮೊದಲು ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿಕೊಳ್ಳುವುದು ಆ ಕಸುಬಿನವರ ರೂಢಿ. ತಾನೇ ಸರಿ ಎಂಬ ಭರದಲ್ಲಿ ಅವನು ಚುಕ್ಕೆ ಇಟ್ಟಿರಲಿಲ್ಲ. ನಿಜ ಹೇಳುತ್ತಿದ್ದ ಮೀಟರನ್ನು ಈಗ ಬೇರೆಯವರ ಮೀಟರು ಕೇಳಿ ಹೊಂದಿಸಬೇಕಾಯಿತು.

ಗುರುಗಳು ಭರಮಣ್ಣನ ಮುಖ ನೋಡಿದರು.

“ನಿನ್ನ ಮನಸ್ಸಿನ ತಿರುಪನ್ನು ಇನ್ನೂ ಯಾರೂ ಮುಟ್ಟಿಲ್ಲ ಮಗಾ, ನಾನು ಮುಟ್ಟಲೇ?”